ಪಡುಗಾಳಿಯ ಹೊತ್ತು

ನಮ್ಮ ಕುಂದಾಪುರದ ಕಡೆ ಗಾಳಿ ಹೊತ್ತು ನೋಡಿಕೊಂಡು ಬರುತ್ತದೆ. ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದ ಮೇಲೆ ಬೆಳಿಗ್ಗೆ ಹತ್ತರವರೆಗೆ ತೋಟದಲ್ಲಿ ಒಂದು ಗರಿಯೂ ಅಲುಗುವುದಿಲ್ಲ. ಹನ್ನೊಂದರ ಸುಮಾರಿಗೆ ಎತ್ತರದ ತೆಂಗಿನ ತುದಿಗರಿಯೊಂದು ಮೂಡಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಜಗಲಿಗೆ ಬರುವಷ್ಟರಲ್ಲಿ ಇಡೀ ತೋಟ ಒಂದೇ ದಿಕ್ಕಿಗೆ ವಾಲಿಕೊಂಡು ಸದ್ದು ಮಾಡುತ್ತಿರುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳದ ಚಾಪೆಯ ನಾಲ್ಕು ಮೂಲೆಗೂ ಕಲ್ಲು ಇಡಬೇಕು, ಪಡುಬದಿಯ ಕಿಟಕಿಗೆ ಕೊಕ್ಕೆ ಹಾಕಬೇಕು. ಸೂರ್ಯ ಮುಳುಗಿದ ಮೇಲೆ ಗಾಳಿ ಮೆಲ್ಲಗೆ ಸೋಲುತ್ತದೆ. ರಾತ್ರಿ ಊಟಕ್ಕೆ ಕೂರುವಾಗ ಸೆಕೆ. ನಡುರಾತ್ರಿ ಕಳೆದ ಮೇಲೆ ಘಟ್ಟದ ಕಡೆಯಿಂದ ತಣ್ಣಗೆ ಮೂಡುಗಾಳಿ ಇಳಿದು ಬರುತ್ತದೆ, ಕಾಲ ಬುಡದ ಹೊದಿಕೆಯನ್ನು ಎಳೆದುಕೊಳ್ಳುವಷ್ಟು ತಣ್ಣಗೆ.

ಇದರ ಕಾರಣ ಶಾಲೆಯ ಪುಸ್ತಕದಲ್ಲಿದೆ. ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲಕ್ಕೆದ್ದಾಗ ಆ ತೆರವಿಗೆ ಕಡಲ ಮೇಲಿನ ತಂಪುಗಾಳಿ ನುಗ್ಗುತ್ತದೆ. ರಾತ್ರಿ ನೆಲವೇ ಮೊದಲು ತಣಿಯುವುದರಿಂದ ಎಲ್ಲವೂ ತಿರುವುಮುರುವು. ಆದರೆ ಪುಸ್ತಕ ಓದದವರೂ ಈ ವೇಳಾಪಟ್ಟಿಯ ಮೇಲೆಯೇ ಬದುಕು ಕಟ್ಟಿಕೊಂಡಿದ್ದರು. ನಸುಕಿನ ಮೂಡುಗಾಳಿಗೆ ಹಾಯಿ ಬಿಚ್ಚಿದರೆ ದೋಣಿ ತಾನಾಗಿ ಕಡಲಿಗೆ ಸಾಗುತ್ತಿತ್ತು. ಮೀನು ಹಿಡಿದು ಮುಗಿಯುವ ಹೊತ್ತಿಗೆ ಪಡುಗಾಳಿ ಎದ್ದು ಅದೇ ದೋಣಿಯನ್ನು ದಡಕ್ಕೆ ತಂದು ಬಿಡುತ್ತಿತ್ತು. ಹೋಗುವುದಕ್ಕೊಂದು ಗಾಳಿ, ಬರುವುದಕ್ಕೊಂದು ಗಾಳಿ.

ನನ್ನ ಅಜ್ಜಯ್ಯ ಹೊಳೆಬದಿಯ ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಕಡಲಿನಲ್ಲಿ ಅವರು ಕಾಲು ತೊಳೆದದ್ದು ಬಿಟ್ಟರೆ ದೋಣಿ ಹತ್ತಿದ್ದು ಕಡಿಮೆ. ಆದರೂ ಅವರ ದಿನಚರಿ ನಡೆಯುತ್ತಿದ್ದದ್ದು ಗಾಳಿಯಿಂದ. ಸುಟ್ಟ ಹಂಚು ಕಟ್ಟೆಯ ಮೇಲೆ ಅಟ್ಟಿ ಹಾಕಿ ಕಾಯುತ್ತಿರುತ್ತಿತ್ತು. ಅದನ್ನು ಮುಂಬಯಿಗೂ ಸೌರಾಷ್ಟ್ರದ ಬಂದರುಗಳಿಗೂ ಒಯ್ಯುವ ಮಂಜಿಗಳು ಹಾಯಿಯ ಮೇಲೆ ಬರಬೇಕಿತ್ತು. ಅವರ ಲೆಕ್ಕದ ಪುಸ್ತಕವೊಂದು ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಇಂದಿಗೂ ಇದೆ. ಹಂಚಿನ ಸಂಖ್ಯೆ, ಒಡೆದ ಹಂಚಿನ ಸಂಖ್ಯೆ, ಕೂಲಿ, ಇವುಗಳ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಅಕ್ಷರ: ‘ಬಡಗಾಳಿ ಜೋರು’, ‘ಗಾಳಿ ಇಲ್ಲ’, ‘ಮೂಡು’. ಬರೆದಿಡಿ ಎಂದು ಯಾರೂ ಅವರಿಗೆ ಹೇಳಿದ್ದಿಲ್ಲ. ಬೆಳಿಗ್ಗೆ ಎದ್ದು ಅಂಗಳದ ತುದಿಗೆ ಹೋಗಿ ನಿಂತು ಮುಖಕ್ಕೆ ಗಾಳಿ ತಾಗಿಸಿಕೊಂಡು ಒಳಗೆ ಬಂದು, “ಇವತ್ತ್ ಮಂಜಿ ಬತ್ತಿಲ್ಲೆ” ಎಂದರೆ ಅಂದು ಮಂಜಿ ಬರುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಾಳೆ.

ನಮ್ಮ ನೆರೆಯಲ್ಲಿ ಮೊಗವೀರರ ಹಿರಿಯರೊಬ್ಬರಿದ್ದರು. ಹಾಯಿದೋಣಿಯ ಚುಕ್ಕಾಣಿ ಹಿಡಿದು ಬೆಳೆದವರು. ಮಕ್ಕಳಾದ ನಾವೆಲ್ಲ ಅವರನ್ನು ಮರ್ಕಾಲಜ್ಜ ಎನ್ನುತ್ತಿದ್ದೆವು. ಅಳಿವೆಯ ದಂಡೆಯಲ್ಲಿ ಕೂತು ಬಲೆ ಹೊಲಿಯುತ್ತ ಅವರು ಹೇಳಿದ ಒಂದು ಮಾತು ನನ್ನಲ್ಲಿ ಉಳಿದಿದೆ. ಗಂಗೊಳ್ಳಿ ಗಾಳಿ ಬರುವ ದಿಕ್ಕಿನಲ್ಲಿಯೇ ಇದ್ದರೆ ಹಾಯಿ ಕಟ್ಟಿದ ದೋಣಿ ಅಲ್ಲಿಗೆ ಹೋಗುವುದು ಹೇಗೆ ಎಂದು ಕೇಳಿದ್ದೆ. “ಗಾಳಿಗ್ ಎದ್ರ್ ಹೋಪುಕಾತಿಲ್ಲೆ ಮಗಾ. ಓರೆ ಹೋಯ್ಕ್. ಓರೆ ಹೋದ್ರೆ ಗಾಳಿಯೇ ಕರ್ಕಂಡ್ ಹೋತ್ತ್” ಎಂದಿದ್ದರು. ಮರಳಿನ ಮೇಲೆ ಬೆರಳಿನಿಂದ ಅಡ್ಡಗೆರೆಗಳನ್ನು ಎಳೆದು, ಒಮ್ಮೆ ಬಡಗಕ್ಕೆ, ಒಮ್ಮೆ ಪಡುವಕ್ಕೆ ಓರೆಯಾಗಿ ಹೋಗಿ ಹೋಗಿ ಗಾಳಿಯ ಬುಡಕ್ಕೇ ತಲುಪುವ ದಾರಿ ತೋರಿಸಿದ್ದರು. ನನಗದು ಅರ್ಧ ಅರ್ಥವಾಗಿತ್ತು. ಉಳಿದರ್ಧ ಅರ್ಥವಾದದ್ದು ದೇಶ ಬಿಟ್ಟು, ಸಮಭಾಜಕ ವೃತ್ತ ದಾಟಿ ಹೋದ ಮೇಲೆ.

ತಂಗಿಯ ಸಂಸಾರ ಕೆಲಸದ ನಿಮಿತ್ತ ಮಾರಿಷಸ್‌ಗೆ ಹೋಗಿತ್ತು. ಒಂದು ಜೂನ್ ತಿಂಗಳಲ್ಲಿ ನಾನೂ ಹೋದೆ. ಹೊರಡುವಾಗ ನಮ್ಮಲ್ಲಿ ಮಳೆ ಹಿಡಿಯುವ ಸನ್ನಾಹ, ಮೀನುಗಾರಿಕೆಯ ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ಕಟ್ಟಿದ್ದವು. ಅಲ್ಲಿ ಇಳಿದರೆ ಚಳಿಗಾಲ, ತಿಳಿಬಿಸಿಲು ಮತ್ತು ಗಾಳಿ. ಆ ಗಾಳಿಗೆ ಹೊತ್ತೇ ಇಲ್ಲ. ಬೆಳಿಗ್ಗೆ ಎದ್ದಾಗ ಆಗ್ನೇಯದಿಂದ ಬೀಸುತ್ತಿತ್ತು, ಮಧ್ಯಾಹ್ನ ಆಗ್ನೇಯದಿಂದ, ರಾತ್ರಿ ಕಿಟಕಿ ಮುಚ್ಚುವಾಗಲೂ ಆಗ್ನೇಯದಿಂದಲೇ. ಕಬ್ಬಿನ ಗದ್ದೆಗಳು, ಕಡಲಬದಿಯ ಗಾಳಿಮರಗಳು, ಎಲ್ಲವೂ ವಾಯವ್ಯಕ್ಕೆ ಬಾಗಿ ಬೆಳೆದಿವೆ. ದಿಕ್ಸೂಚಿ ಬೇಡ, ಮರ ನೋಡಿದರೆ ಸಾಕು. ಭೂಗೋಳದ ಪಾಠದಲ್ಲಿ ‘ವಾಣಿಜ್ಯ ಮಾರುತ’ ಎಂದು ಓದಿದ್ದೆನಲ್ಲ, ಅದು ಇದು. ಸಮಭಾಜಕ ವೃತ್ತದ ಎರಡು ಬದಿಗೂ ವರ್ಷದ ಬಹುಕಾಲ ಒಂದೇ ದಿಕ್ಕಿನಿಂದ ಬೀಸುವ ಈ ಗಾಳಿಗಳ ನಕ್ಷೆಯನ್ನು 1686ರಷ್ಟು ಹಿಂದೆಯೇ ಎಡ್ಮಂಡ್ ಹ್ಯಾಲಿ ಬರೆದಿದ್ದ, ಧೂಮಕೇತುವಿಗೆ ಹೆಸರು ಕೊಟ್ಟ ಅದೇ ಹ್ಯಾಲಿ.

ದ್ವೀಪದ ನೈರುತ್ಯ ಮೂಲೆಯಲ್ಲಿ ಲೆ ಮಾರ್ನ್ ಎಂಬ ಕರಿಬಂಡೆಯ ಬೆಟ್ಟ ಕಡಲಿನಿಂದ ನೆಟ್ಟಗೆ 556 ಮೀಟರ್ ಎದ್ದು ನಿಂತಿದೆ. ಒಡೆಯರಿಂದ ತಪ್ಪಿಸಿಕೊಂಡ ಗುಲಾಮರು ಅದರ ಗುಹೆಗಳಲ್ಲಿ ಅಡಗಿದ್ದರೆಂಬ ಕಾರಣಕ್ಕೆ ಯುನೆಸ್ಕೊ 2008ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟದ ಬುಡದಲ್ಲಿ ಹವಳದ ದಿಬ್ಬ ದೊಡ್ಡ ಅಲೆಗಳನ್ನು ಹೊರಗೇ ತಡೆದು ನಿಲ್ಲಿಸುತ್ತದೆ. ಒಳಗೆ ಸೊಂಟದೆತ್ತರದ ತಿಳಿನೀರು, ಮೇಲೆ ನಿಲ್ಲದ ಗಾಳಿ. ಆ ನೀರಿನ ಮೇಲೆ ಹತ್ತಾರು ಬಣ್ಣದ ಹಾಯಿಗಳು ಹೋಗುತ್ತಿದ್ದವು, ಬರುತ್ತಿದ್ದವು. ಹಾಯಿಯ ಕೆಳಗೆ ದೋಣಿ ಇಲ್ಲ. ಒಂದು ಹಲಗೆ, ಅದರ ಮೇಲೆ ಒಬ್ಬ ಮನುಷ್ಯ. ತಂಗಿಯ ಮಗ ಅಲ್ಲಿ ವಿಂಡ್‌ಸರ್ಫಿಂಗ್ ಕಲಿಯುತ್ತಿದ್ದ. ಮಾವ ಸುಮ್ಮನೆ ದಡದಲ್ಲಿ ಕೂರುವುದು ಬೇಡವೆಂದು ನನ್ನನ್ನೂ ನೀರಿಗಿಳಿಸಿದ.

ಈ ಹಲಗೆಯ ಗುಟ್ಟು ಹಾಯಿಮರದ ಬುಡದಲ್ಲಿದೆ. ಮಂಜಿಯಲ್ಲಿ ಹಾಯಿಮರ ಅಡಿಮರಕ್ಕೆ ಭದ್ರವಾಗಿ ನಿಂತಿರುತ್ತದೆ; ಇಲ್ಲಿ ಅದು ಎಲ್ಲ ದಿಕ್ಕಿಗೂ ಬಾಗುವ ಕೀಲಿನ ಮೇಲೆ ಕೂತಿದೆ. ಹಿಡಿಯದಿದ್ದರೆ ನೀರಿಗೆ ಬೀಳುತ್ತದೆ. ನೀರಿನಲ್ಲಿ ಮಲಗಿದ ಹಾಯಿಯನ್ನು ಹಗ್ಗದಿಂದ ಎಳೆದೆತ್ತಿ, ಹಾಯಿಯ ಎರಡೂ ಮಗ್ಗುಲಿಗೆ ಬಳಸಿ ಬಂದ ಅಡ್ಡಗೋಲನ್ನು ಹಿಡಿದು ನಿಲ್ಲಬೇಕು. ಚುಕ್ಕಾಣಿ ಇಲ್ಲವೇ ಇಲ್ಲ. ಮರವನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರ ಸರಿಯುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. ಅಂದರೆ ನಿಮ್ಮ ಮೈಯೇ ಹಾಯಿಮರವನ್ನು ಹಿಡಿದ ಹಗ್ಗ, ನಿಮ್ಮ ಮೈಯೇ ಚುಕ್ಕಾಣಿ.

ಕಲಿಸುತ್ತಿದ್ದ ತರುಣ ಅಲ್ಲಿಯ ಕ್ರಿಯೋಲ್ ಮನೆಯವನು, ಮೀನುಗಾರರ ಮಗ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೈ ಆಡಿಸಿ ಹೇಳುತ್ತಿದ್ದ. ನಾನು ದಡದ ಕಡೆ ನೇರವಾಗಿ, ಅಂದರೆ ಗಾಳಿಯ ಮುಖಕ್ಕೇ ಹಲಗೆ ತಿರುಗಿಸಲು ಹೊರಟಾಗ ಅವನು ಬೇಡವೆಂದು ತಲೆಯಾಡಿಸಿ, ಅಂಗೈಯನ್ನು ಗಾಳಿಗೆ ಓರೆ ಮಾಡಿ ತೋರಿಸಿದ. ಒಮ್ಮೆ ಈ ಕಡೆ ಓರೆ, ಒಮ್ಮೆ ಆ ಕಡೆ ಓರೆ. ಮರ್ಕಾಲಜ್ಜ ಮರಳಿನ ಮೇಲೆ ಎಳೆದ ಗೆರೆಗಳು ಅವನ ಅಂಗೈಯಲ್ಲಿದ್ದವು. ನಾನು ಓರೆಯಾದೆ. ಹಾಯಿ ತುಂಬಿತು. ಕಂಬಳದಲ್ಲಿ ಅಡ್ಡಹಲಗೆಯ ಮೇಲೆ ನಿಂತು ಕೋಣಗಳ ಹಗ್ಗಕ್ಕೆ ಜೋತು ಹಿಂದಕ್ಕೆ ವಾಲಿದವನಂತೆ ನಾನೂ ವಾಲಿದ್ದೆ. ಕೈಯಲ್ಲಿ ಅದೇ ಸೆಳೆತ, ಕಾಲಡಿಯಲ್ಲಿ ಅದೇ ನೀರಿನ ಚಿಮ್ಮಾಟ, ಎಳೆಯುವ ಕೋಣ ಮಾತ್ರ ಕಣ್ಣಿಗೆ ಕಾಣುತ್ತಿರಲಿಲ್ಲ. ಗಾಳಿಯನ್ನು ಅಷ್ಟು ಕಾಲ ಮುಖದಲ್ಲಿ, ಕಿವಿಯಲ್ಲಿ ಮಾತ್ರ ಕಂಡಿದ್ದೆ. ಅದರ ತೂಕವನ್ನು ಎರಡು ಕೈಗಳಲ್ಲಿ ಹಿಡಿದದ್ದು ಅಂದು. ಆ ಸಂತೋಷಕ್ಕೆ ಇನ್ನಾವುದನ್ನೂ ಸರಿಗಟ್ಟಲಾರೆ.

ಈ ಆಟಕ್ಕೆ ವಯಸ್ಸು ಬಹಳ ಆಗಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ 1964ರಲ್ಲಿ ಹಲಗೆಯ ಮೇಲೆ ಹಾಯಿ ನಿಲ್ಲಿಸಿ ನಿಂತೇ ಹೋಗುವ ದಾರಿ ಕಂಡುಕೊಂಡ. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಅದನ್ನು ಇಂದಿನ ರೂಪಕ್ಕೆ ತಂದು 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಯಾರು ಮೊದಲು ಎಂಬ ಜಗಳ ಇಂಗ್ಲೆಂಡಿನ ನ್ಯಾಯಾಲಯಕ್ಕೂ ಹೋಯಿತು. ಪೀಟರ್ ಚಿಲ್ವರ್ಸ್ ಎಂಬವನು 1958ರಲ್ಲಿ, ಹನ್ನೆರಡರ ಹುಡುಗನಾಗಿದ್ದಾಗ, ಮನೆಯ ಹತ್ತಿರದ ನೀರಿನಲ್ಲಿ ಇಂಥದ್ದನ್ನೇ ಮಾಡಿ ಆಡಿದ್ದನೆಂದು ಅಲ್ಲಿ ಸಾಬೀತಾಯಿತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಿಂದ ಅದು ಪದಕದ ಆಟ. ಅಷ್ಟು ಸಾಕು. ನನ್ನ ಮನಸ್ಸು ಹಿಡಿದದ್ದು ಹಲಗೆಯ ಚರಿತ್ರೆಯನ್ನಲ್ಲ, ಗಾಳಿಯ ಚರಿತ್ರೆಯನ್ನು.

ಏಕೆಂದರೆ ಅಂದು ಸಂಜೆ ಊರಿಗೆ ಫೋನ್ ಮಾಡಿದಾಗ ಅಮ್ಮ, “ಮಳಿ ಹಿಡೀತ್, ಗಾಳಿಯೂ ಜೋರಿತ್ತ್” ಎಂದಳು. ಲೆ ಮಾರ್ನ್‌ನಲ್ಲಿ ನನ್ನ ಹಾಯಿ ತುಂಬಿದ ಗಾಳಿಗೂ ಅಮ್ಮನ ಅಂಗಳಕ್ಕೆ ಮಳೆ ತಂದ ಗಾಳಿಗೂ ತವರು ಒಂದೇ. ಮಾರಿಷಸ್, ರಿಯೂನಿಯನ್, ರೊಡ್ರಿಗಸ್ ಈ ಮೂರಕ್ಕೂ ಸೇರಿ ಮ್ಯಾಸ್ಕರೀನ್ ದ್ವೀಪಗಳೆಂದು ಹೆಸರು. ಅವುಗಳ ದಕ್ಷಿಣಕ್ಕೆ, ತೆಂಕಣ ಹಿಂದೂ ಮಹಾಸಾಗರದ ಮೇಲೆ, ಒತ್ತಡ ಹೆಚ್ಚಿರುವ ಗಾಳಿಯ ದೊಡ್ಡ ಗುಡ್ಡೆಯೊಂದು ಇರುತ್ತದೆ; ಹವಾಮಾನ ತಜ್ಞರು ಅದನ್ನು ಮ್ಯಾಸ್ಕರೀನ್ ಹೈ ಎನ್ನುತ್ತಾರೆ. ಅಲ್ಲಿಂದ ಹೊರಬಿದ್ದ ಗಾಳಿ ಆಗ್ನೇಯ ವಾಣಿಜ್ಯ ಮಾರುತವಾಗಿ ಮಾರಿಷಸ್ಸನ್ನು ಹಾದು, ಮಡಗಾಸ್ಕರಿನ ಬಡಗಣ ತುದಿ ಬಳಸಿ ಆಫ್ರಿಕದ ದಂಡೆಯ ಕಡೆಗೆ ಸಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ಎಳೆಯುತ್ತಿರುವುದರಿಂದ ಅದು ಸಮಭಾಜಕ ವೃತ್ತದ ಬಳಿ ನಿಲ್ಲುವುದಿಲ್ಲ, ದಾಟುತ್ತದೆ. ದಾಟಿದೊಡನೆ ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ ಹೊರಳಿಸುತ್ತದೆ. ಆಗ್ನೇಯದ ಗಾಳಿ ನೈರುತ್ಯದ ಗಾಳಿಯಾಗುವುದು ಆ ಹೊರಳಿನಲ್ಲಿ. ಪೂರ್ವ ಆಫ್ರಿಕದ ಎತ್ತರದ ನೆಲ ಬದಿಗೋಡೆಯಾಗಿ ನಿಲ್ಲುವುದರಿಂದ ಸೊಮಾಲಿಯಾದ ದಂಡೆಯಲ್ಲಿ ಅದು ಒತ್ತಿಕೊಂಡು, ಒಂದು-ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಭಾರೀ ವೇಗದ ಪ್ರವಾಹವಾಗಿ ಅರಬ್ಬಿ ಸಮುದ್ರದ ಮೇಲೆ ಹರಿಯುತ್ತದೆ. 1969ರಲ್ಲಿ ಇದನ್ನು ವಿವರವಾಗಿ ಬರೆದ ಬ್ರಿಟಿಷ್ ಹವಾಮಾನ ತಜ್ಞ ಫಿಂಡ್ಲೇಟರನ ಹೆಸರೇ ಅದಕ್ಕೆ ನಿಂತಿದೆ. ದಾರಿಯುದ್ದಕ್ಕೂ ಕಡಲ ನೀರು ಹೀರಿಕೊಂಡು ಬಂದ ಆ ಗಾಳಿ ಕೊನೆಗೆ ಕೊಡಚಾದ್ರಿಗೆ ಎದೆಯೊಡ್ಡುತ್ತದೆ. 1343 ಮೀಟರ್ ಎತ್ತರದ ಆ ಗೋಡೆ ಹತ್ತಲು ಹೋಗಿ ಹೊತ್ತ ನೀರನ್ನೆಲ್ಲ ಇಳಿಸುತ್ತದೆ. ಕಡಲಿಗೂ ಘಟ್ಟಕ್ಕೂ ನಡುವೆ ನೆಲ ತೀರ ಕಿರಿದಾಗುವ ಬೈಂದೂರಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಒತ್ತಿನೆಣೆಯ ಗುಡ್ಡದ ಮೇಲೆ ನಿಂತರೆ ಪಡುವಣದಲ್ಲಿ ಕಡಲಿನಿಂದ ಏಳುವ ಮೋಡ, ಬೆನ್ನ ಹಿಂದೆ ಅದು ಹೋಗಿ ತಾಗುವ ಬೆಟ್ಟ, ಎರಡೂ ಒಂದೇ ನೋಟಕ್ಕೆ ಸಿಗುತ್ತವೆ.

ಇದನ್ನು ತಿಳಿದ ಮೇಲೆ ಮಳೆಗಾಲದ ಗಾಳಿಯನ್ನು ನಾನು ಬೇರೆಯಾಗಿ ಕೇಳಿಸಿಕೊಳ್ಳುತ್ತೇನೆ. ಮಾರಿಷಸ್ಸಿನ ಜನ ಆ ಗಾಳಿಯ ಮೇಲೆ ಆಡುತ್ತಾರೆ, ನಾವು ಅದರಿಂದ ಉಣ್ಣುತ್ತೇವೆ. ಆದರೆ ಅದು ಜೋರಾಗಿರುವ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅಲೆಗಳು ಮೂರು ಮೀಟರ್ ದಾಟಿ ಏಳುವ ದಿನಗಳಲ್ಲಿ ಇಳಿಯುವ ಧೈರ್ಯವೂ ಬೇಡ. ಆಸಾಡಿ ಅಮಾವಾಸ್ಯೆಯಂದು ಮರವಂತೆಯ ಮಹಾರಾಜಸ್ವಾಮಿಯ ಜಾತ್ರೆಗೆ ಬಂದವರು ಕಡಲಿನಲ್ಲೂ ಹೊಳೆಯಲ್ಲೂ ಮಿಂದು ಕೈಮುಗಿಯುವಾಗ ಎದುರಿಗೆ ಕಡಲು ಕಂದುಬಣ್ಣಕ್ಕೆ ತಿರುಗಿ ಕಲ್ಲಿನ ತಡೆಗೋಡೆಗೆ ಅಪ್ಪಳಿಸುತ್ತಿರುತ್ತದೆ. ನೂಲಹುಣ್ಣಿಮೆಗೆ ಕಡಲಿಗೆ ಹಾಲೆರೆದು ಪೂಜೆ ಮಾಡಿದ ಮೇಲೆ ಅದು ಸಾವಕಾಶ ಇಳಿಯುತ್ತದೆ.

ನಮ್ಮ ಕಡೆಯ ಹಳೆಯ ಬಂದರುಗಳು ದೊಡ್ಡವಾದದ್ದೇ ಗಾಳಿ ಹಿಡಿದು ಬರುತ್ತಿದ್ದ ಹಡಗುಗಳಿಂದ. ಬ್ರಹ್ಮಾವರದ ಪಕ್ಕದ ಬಾರ್ಕೂರು ಇಂದು ಮುರಿದ ಕಂಬಗಳ, ಹಳೆಯ ದೇವಾಲಯಗಳ ಊರು. 1340ರ ದಶಕದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದಾಗ ಅದನ್ನು ಫಾಕನೂರ್ ಎಂದು ಕರೆದ. ಅಲ್ಲಿಯ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದವು, ಹಾದುಹೋಗುವ ಹಡಗು ಬಂದರಿಗೆ ಬಂದು ಕಾಣಿಕೆ ಕೊಟ್ಟೇ ಮುಂದೆ ಹೋಗಬೇಕಿತ್ತು ಎಂದು ಬರೆದ. ಅಲ್ಲಿಯ ಕಬ್ಬಿನಂಥ ಕಬ್ಬು ಆ ನಾಡಿನಲ್ಲಿ ಬೇರೆಲ್ಲೂ ಇಲ್ಲವೆಂದೂ ಹೊಗಳಿದ. ವಾರಾಹಿಯ ದಂಡೆಯ ಬಸರೂರಿನ ಅಕ್ಕಿ ಹೊರ್ಮುಜ್‌ವರೆಗೆ ಹೋಗುತ್ತಿತ್ತು, ಹದಿನಾರನೆಯ ಶತಮಾನದ ಆರಂಭದಲ್ಲಿಯೇ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸ ಈ ಎರಡೂ ಬಂದರುಗಳ ಅಕ್ಕಿಯ ವ್ಯಾಪಾರವನ್ನು ದಾಖಲಿಸಿದ್ದಾನೆ. ಆ ಬಸರೂರಿಗೆ 1665ರ ಫೆಬ್ರವರಿಯಲ್ಲಿ ಶಿವಾಜಿ 85 ಯುದ್ಧನೌಕೆ, ಮೂರು ದೊಡ್ಡ ಹಡಗುಗಳೊಂದಿಗೆ ಮಾಲ್ವಣದಿಂದ ಬಂದು ಊರನ್ನು ಕೊಳ್ಳೆಹೊಡೆದ. ಫೆಬ್ರವರಿ ಎಂದಾಗ ನನಗೆ ಅಜ್ಜಯ್ಯನ ಪೆನ್ಸಿಲಿನ ‘ಬಡಗಾಳಿ’ ನೆನಪಾಗುತ್ತದೆ. ಮಾಲ್ವಣದಿಂದ ತೆಂಕಕ್ಕೆ ಇಳಿದು ಬರಲು ಅದಕ್ಕಿಂತ ಅನುಕೂಲದ ಗಾಳಿ ಇಲ್ಲ. ಬಂದಷ್ಟು ಸುಲಭವಾಗಿ ಹಿಂದಿರುಗಲು ಆ ಗಾಳಿ ಬಿಡುವುದೂ ಇಲ್ಲ. ಶಿವಾಜಿ ಮರಳುವಾಗ ಗೋಕರ್ಣದಲ್ಲಿ ನೆಲಕ್ಕಿಳಿದ.

ಗಾಳಿಯ ಹೊತ್ತು ತಿಳಿಯದೆ ಹೊರಟವರ ಪಾಡು ಏನಾಗುತ್ತಿತ್ತು ಎಂಬುದಕ್ಕೆ ವಾಸ್ಕೊ ಡ ಗಾಮನ ಪ್ರಯಾಣಕ್ಕಿಂತ ಬೇರೆ ಸಾಕ್ಷಿ ಬೇಡ. 1498ರ ಏಪ್ರಿಲ್ 24ಕ್ಕೆ ಆಫ್ರಿಕದ ಮಲಿಂದಿಯಿಂದ, ದಾರಿ ಬಲ್ಲ ನಾವಿಕನೊಬ್ಬನನ್ನು ಜೊತೆಗೆ ಕರೆದುಕೊಂಡು ಹೊರಟ ಅವನ ಹಡಗುಗಳು ಮೇ 20ಕ್ಕೆ ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಮರಳುವಾಗ ಕಾರವಾರದ ಎದುರಿನ ಅಂಜೆದೀವದಿಂದ ಅಕ್ಟೋಬರ್ 5ಕ್ಕೆ ಹೊರಟರು. ಈಶಾನ್ಯದ ಗಾಳಿ ನೆಲೆಗೊಳ್ಳಲು ಇನ್ನೂ ಸಮಯವಿತ್ತು. ಆಫ್ರಿಕದ ದಂಡೆ ಕಂಡದ್ದು 1499ರ ಜನವರಿ 2ಕ್ಕೆ. ಇಪ್ಪತ್ತಾರು ದಿನದ ದಾರಿಗೆ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಸುಮಾರು ಮೂವತ್ತು ಜನ ನಾವಿಕರು ಸತ್ತರು. ಕೆಲವು ವಾರ ತಡೆದು ಹೊರಟಿದ್ದರೆ ಅವರಲ್ಲಿ ಹೆಚ್ಚಿನವರು ಮನೆ ಸೇರುತ್ತಿದ್ದರೇನೋ. ನಮ್ಮ ದೋಣಿಗಳ ಮುಖಂಡನಾದ ಯಾವ ತಂಡೇಲನಾದರೂ ಆ ವಾರಗಳನ್ನು ಕಾಯುತ್ತಿದ್ದ.

ಆ ತಿಳಿವಳಿಕೆ ನಮ್ಮ ಕಣ್ಣೆದುರೇ ಕೈಬಿಟ್ಟು ಹೋಗುತ್ತಿದೆ, ಇದು ನನಗೆ ನಿಜವಾಗಿ ನೋವಿನ ಸಂಗತಿ. ಮಂಜಿಗಳಿಗೆ ಎಂಜಿನ್ ಬಂತು, ಹೊಳೆಗಳಿಗೆ ಸೇತುವೆ ಬಂತು, ಹಂಚು ಲಾರಿ ಹತ್ತಿತು. ಮನೆಗಳ ಮಾಡು ಕಾಂಕ್ರೀಟಾದ ಮೇಲೆ ಹಂಚೂ ಹೋಯಿತು. ನಾಡದೋಣಿಗಳಿಗೂ ಹಿಂಬದಿಯಲ್ಲಿ ಎಂಜಿನ್ ಕೂತಿತು. ಬೇಡವೆನ್ನಲು ನಾನು ಯಾರು? ಅಳಿವೆಯ ಬಾಯಲ್ಲಿ ಗಾಳಿ ಕೈಕೊಟ್ಟು ಅಲೆಗೆ ಸಿಕ್ಕಿದ ದೋಣಿಗಳ ಕಥೆ ಇಲ್ಲಿಯ ಮನೆಮನೆಯಲ್ಲಿದೆ. ಎಂಜಿನ್ ಜೀವ ಉಳಿಸಿದೆ. ಆದರೆ ಮೂಡುಗಾಳಿಗೂ ಬಡಗಾಳಿಗೂ ವ್ಯತ್ಯಾಸ ತಿಳಿಯದ ಮಕ್ಕಳು ಗಂಗೊಳ್ಳಿಯಲ್ಲಿ, ಕೋಡಿಯಲ್ಲಿ, ಹಂಗಾರಕಟ್ಟೆಯಲ್ಲಿ ಬೆಳೆಯುವುದು ನನಗೆ ಸರಿಕಾಣುವುದಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳು ಈಗಲೂ ಮಳೆಗಾಲದಲ್ಲಿ ಹೊರಡುವುದಿಲ್ಲ. ಎಂಜಿನ್ ಇದ್ದರೂ ಹಳೆಯ ಗಾಳಿಯ ಪಂಚಾಂಗವೇ ಅವಕ್ಕೆ ಆಧಾರ. ಉಳಿದಿರುವ ಕುರುಹು ಅಷ್ಟೆ.

ಅದಕ್ಕೇ ಹೇಳುತ್ತೇನೆ, ನಮ್ಮ ನೀರಿಗೆ ಹಾಯಿ ಮರಳಿ ಬರಬೇಕು. ದುಡಿಮೆಗೆ ಅಲ್ಲದಿದ್ದರೆ ಆಟಕ್ಕೆ ಬರಲಿ. ತೆಂಕಕ್ಕೆ ಮೂಲ್ಕಿಯಲ್ಲಿ 2004ರ ಸುಮಾರಿಗೆ ಅಲೆಯ ಮೇಲೆ ನಿಲ್ಲುವ ಸರ್ಫಿಂಗ್ ಶುರುವಾದಾಗ ಅದು ಹೊರಗಿನವರ ಶೋಕಿಯೆಂದು ಎಷ್ಟೋ ಜನ ಅಂದುಕೊಂಡಿದ್ದರು. 2016ರಲ್ಲಿ ಸಸಿಹಿತ್ಲಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು, ಮಂಗಳೂರಿನ ಕಡೆಯ ತನ್ವಿ ಜಗದೀಶ್ ಹುಟ್ಟು ಹಾಕುತ್ತ ನಿಂತು ಸಾಗುವ ಹಲಗೆಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಸಾಲಿಗ್ರಾಮದ ಪಾರಂಪಳ್ಳಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸಲು ಬೆಂಗಳೂರಿನಿಂದ ಜನ ಬರುತ್ತಾರೆ. ಹಾಯಿಯ ಹಲಗೆಯ ವಿಷಯಕ್ಕೆ ಬಂದರೆ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ವಿಂಡ್‌ಸರ್ಫಿಂಗ್‌ನ ಕಂಚು ತಂದ ಇಬಾದ್ ಅಲಿ ಭೋಪಾಲದವರು. ಕಡಲಿನಿಂದ ನೂರಾರು ಮೈಲಿ ದೂರದ ಕೆರೆಯ ಮೇಲೆ ಕಲಿತ ಹುಡುಗ ಪದಕ ತರುತ್ತಾನೆ. ಐದು ಹೊಳೆಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿ ನಮ್ಮ ಮನೆಯಂಗಳದಲ್ಲಿದೆ, ಅದರ ಮೇಲೆ ದಿನವೂ ಹೊತ್ತಿಗೆ ಸರಿಯಾಗಿ ಬರುವ ಗಾಳಿಯಿದೆ, ಹಾಯಿ ಮಾತ್ರ ಒಂದೂ ಇಲ್ಲ.

ಜಾಗವನ್ನೂ ನಾನು ನೋಡಿಟ್ಟಿದ್ದೇನೆ. ಪಂಚಗಂಗಾವಳಿಯ ಅಗಲ ಸಾಕಷ್ಟಿದೆ. ಆದರೆ ಗಂಗೊಳ್ಳಿ ಬದಿಯ ತೆಂಗಿನ ತೋಪು ಗಾಳಿಯನ್ನು ಕಡಿಯುತ್ತದೆ, ಬೋಟುಗಳ ಓಡಾಟ ಬೇರೆ. ಸ್ವರ್ಣಾ ಸೀತೆಯರು ಕೂಡುವ ಕೋಡಿಬೆಂಗ್ರೆ ಇನ್ನೂ ಚೆಂದ, ಆದರೆ ಇಳಿತದ ಸೆಳೆತ ಅಳಿವೆಯ ಬಾಯಿಗೆ ಎಳೆಯುತ್ತದೆ. ಕಲಿಯುವವರಿಗೆ ಅದು ಬೇಡ. ಜಾಗವೆಂದರೆ ಮರವಂತೆ. ಸೌಪರ್ಣಿಕೆ ಕಡಲನ್ನು ಮುಟ್ಟುವಷ್ಟು ಹತ್ತಿರ ಬಂದು, ಮುಟ್ಟದೆ ತೆಂಕಕ್ಕೆ ಹೊರಳಿ, ದಂಡೆಗೆ ಸಮವಾಗಿ ಹರಿದು ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ನಡುವೆ ಇರುವುದು ಹೆದ್ದಾರಿ 66 ಮತ್ತು ಒಂದಿಷ್ಟು ಮರಳು. ಪ್ರವಾಸಿಗರು ಅಲ್ಲಿ ಕಾರು ನಿಲ್ಲಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಫೋಟೊ ತೆಗೆದು ಹೋಗುತ್ತಾರೆ. ಹಾಯಿ ಹಿಡಿದು ನೋಡಿದವನ ಕಣ್ಣಿಗೆ ಅಲ್ಲಿ ಕಾಣುವುದು ಬೇರೆ. ಗಾಳಿ ಪಡುವಣದಿಂದ ತಡೆಯಿಲ್ಲದೆ ಬರುತ್ತದೆ. ಅಲೆ ಮಾತ್ರ ರಸ್ತೆಯ ಆಚೆಗೇ ನಿಲ್ಲುತ್ತದೆ. ಹೊಳೆ ತೆಂಕು ಬಡಗಾಗಿ, ಗಾಳಿಗೆ ಅಡ್ಡವಾಗಿ ಮಲಗಿದೆ. ಅಡ್ಡಗಾಳಿಯಲ್ಲಿ ಹೋದ ಹಾದಿಯಲ್ಲೇ ಮರಳಿ ಬರಬಹುದು. ವಿಂಡ್‌ಸರ್ಫಿಂಗಿಗೆ ಇದಕ್ಕಿಂತ ಹಿತವಾದ ಹೊಂದಿಕೆ ಇಲ್ಲ. ನಮೀಬಿಯಾದ ಲೂಡರಿಟ್ಸ್‌ನಲ್ಲಿ ವೇಗದ ದಾಖಲೆಗಾಗಿ ಕಡಲಬದಿಯಲ್ಲಿ ಇಂಥದ್ದೇ ಒಂದು ಕಾಲುವೆಯನ್ನು ತೋಡಿದ್ದಾರೆ. ಒಂದು ಬದಿಗೆ ಗಾಳಿ, ಅಡ್ಡಕ್ಕೆ ಕಿರಿದಾದ, ಅಲೆಯಿಲ್ಲದ ನೀರು. ಫ್ರಾನ್ಸಿನ ಆಂಟ್ವಾನ್ ಅಲ್ಬೋ 2015ರಲ್ಲಿ ಅದರ ಮೇಲೆ 53.27 ನಾಟ್, ಅಂದರೆ ಗಂಟೆಗೆ 98 ಕಿಲೋಮೀಟರಿಗೂ ಮಿಕ್ಕಿ ಹೋದ. ಅಲ್ಲಿಯ ಬಿರುಗಾಳಿ ನಮ್ಮಲ್ಲಿಲ್ಲ. ಬೇಸಿಗೆಯ ಮಧ್ಯಾಹ್ನ ನಮಗೆ ಸಿಗುವುದು ಹತ್ತು, ಹೆಚ್ಚೆಂದರೆ ಹದಿನೈದು ನಾಟ್. ಕಲಿಯುವ ಮಕ್ಕಳಿಗೆ ಬೇಕಾದದ್ದೂ ಅಷ್ಟೇ. ಅವರು ಹಣ ಸುರಿದು ತೋಡಿಸಿಕೊಂಡದ್ದನ್ನು ಸೌಪರ್ಣಿಕೆ ನಮಗೆ ಸುಮ್ಮನೆ ಮಾಡಿಟ್ಟಿದ್ದಾಳೆ.

ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಯಾರೂ ಇಳಿಯಕೂಡದು. ಫೆಬ್ರವರಿಯಿಂದ ಮೇ ನಡುವಿನವರೆಗೆ, ಮಧ್ಯಾಹ್ನ ಎರಡರಿಂದ ಸಂಜೆ ಐದೂವರೆಯವರೆಗೆ ಎಂದರೆ ಶಾಲೆಗೆ ರಜೆ ಇರುವ ದಿನಗಳೂ ಅದರಲ್ಲಿ ಬರುತ್ತವೆ. ಚಿಪ್ಪು ಹೆಕ್ಕುವ ಹೆಂಗಸರಿಗೆ, ಬಲೆ ಬಿಡುವವರಿಗೆ ತೊಂದರೆಯಾಗದಂತೆ ಅವರೊಡನೆ ಮೊದಲೇ ಮಾತಾಡಬೇಕು. ಹೊಳೆ ಮೊದಲು ಅವರದು. ಹಲಗೆಯ ಪಾಠವನ್ನು ಗೋವಾದಿಂದ ಬಂದವರು ಹೇಳಿಕೊಡಲಿ, ಅಲ್ಲಿ ಈ ಆಟ ಬಲ್ಲವರು ಬಹಳ ಜನ ಇದ್ದಾರೆ. ಗಾಳಿಯ ಪಾಠಕ್ಕೆ ಮಾತ್ರ ಊರಿನವರೇ ಬೇಕು. ಹಾಯಿ ಕಟ್ಟಿ ಕಡಲಿಗೆ ಹೋದವರು ಗಂಗೊಳ್ಳಿಯಲ್ಲಿ, ಉಪ್ಪುಂದದಲ್ಲಿ, ಕೋಡಿಯಲ್ಲಿ ಇನ್ನೂ ಕೆಲವರಾದರೂ ಉಳಿದಿದ್ದಾರೆ, ಎಂಬತ್ತರ ಆಚೆಗೆ. ಕುದ್ರುವಿನ ಮಗ್ಗುಲಲ್ಲಿ ಗಾಳಿ ಎಲ್ಲಿ ಸತ್ತುಹೋಗುತ್ತದೆ, ಯಾವ ಮೋಡ ಕಂಡರೆ ಹಾಯಿ ಇಳಿಸಬೇಕು, ಬಡಗಾಳಿ ಪಡುವಕ್ಕೆ ತಿರುಗುವುದು ಎಷ್ಟು ಹೊತ್ತಿಗೆ, ಇದನ್ನೆಲ್ಲ ಅವರ ಬಾಯಿಂದ ಮಕ್ಕಳು ಕೇಳಬೇಕು, ಅವರು ಇರುವಾಗಲೇ.

ತಂಗಿಯ ಮಗ ಬರುವ ಮಾರ್ಚ್‌ನಲ್ಲಿ ರಜೆಗೆ ಬರುತ್ತಾನೆ. ಹಲಗೆ, ಹಾಯಿ ಎರಡನ್ನೂ ತರುತ್ತೇನೆಂದಿದ್ದಾನೆ. ಮರವಂತೆಯಲ್ಲಿ ಅದನ್ನು ಹೊಳೆಗಿಳಿಸಲು ಯಾರ ಪರವಾನಗಿ ಬೇಕು, ಇಳಿತ ಎಷ್ಟು ಗಂಟೆಗೆ ಎಂದು ನಾನು ವಿಚಾರಿಸುತ್ತಿದ್ದೇನೆ. ಮರ್ಕಾಲಜ್ಜನ ಮಗನಿಗೆ ಹೇಳಿಯಾಗಿದೆ. “ಬಪ್ಪ, ಕಾಂಬ” ಎಂದಿದ್ದಾರೆ.